ಹೊಗೆಯ ಲೆಕ್ಕ ತಪ್ಪಿದರೆ ಕಾರಿನ ಯಜಮಾನನಿಗೆ ಸಿಗುವುದೇನು?

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಾರುಗಳ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಆರ್.ಸಿ. ಪುಸ್ತಕ, ವಿಮಾ ಪತ್ರಗಳ ಜತೆಗೆ ಒಂದು ಸಣ್ಣ ಚೀಟಿ ಇದ್ದೇ ಇರುತ್ತದೆ. ಅದು ಹೊಗೆ ತಪಾಸಣೆಯ ಚೀಟಿ. ಪೊಲೀಸರು ಕೈ ಅಡ್ಡ ಹಿಡಿದಾಗ ಅದೊಂದು ಇಲ್ಲದಿದ್ದರೆ ದಂಡ ತಪ್ಪಿದ್ದಲ್ಲ. ಹೀಗಾಗಿ ಅವಧಿ ಮುಗಿಯುವ ಮುಂಚೆಯೇ ಹೋಗಿ ಸೈಲೆನ್ಸರಿಗೆ ನಳಿಕೆ ತೂರಿಸಿಕೊಂಡು ಬರುವುದು ಎಲ್ಲರಿಗೂ ಅಭ್ಯಾಸವಾಗಿದೆ. ಹೊಗೆಯ ಹೊಣೆ ಗಾಡಿಯ ಯಜಮಾನನದು ಎಂಬುದು ಕಾನೂನಿನ ಭಾವನೆ. ಜನರೂ ಅದನ್ನು ಒಪ್ಪಿಕೊಂಡಿದ್ದಾರೆ.

ಆದರೆ ಈ ಚೀಟಿಗಿಂತ ದೊಡ್ಡ ಪ್ರಮಾಣಪತ್ರವೊಂದಿದೆ. ಅದನ್ನು ಯಜಮಾನ ಕಣ್ಣಿನಿಂದಲೂ ನೋಡಿರುವುದಿಲ್ಲ. ಯಾವುದೇ ಹೊಸ ಮಾದರಿಯ ಕಾರು ಮಾರುಕಟ್ಟೆಗೆ ಬರುವ ಮೊದಲು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಅಂದರೆ ಎ.ಆರ್.ಎ.ಐ.ನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು. ಒಂದು ಕಿಲೋಮೀಟರ್ ಓಡಿದರೆ ಎಷ್ಟು ಗ್ರಾಂ ವಿಷಾನಿಲ ಹೊರಬೀಳುತ್ತದೆ ಎಂದು ಅಲ್ಲಿ ಅಳೆಯುತ್ತಾರೆ. ಆ ಅಂಕಿ ಮಿತಿಯೊಳಗಿದ್ದರೆ ಮಾತ್ರ ಮಾರಾಟಕ್ಕೆ ಅನುಮತಿ. ಕಂಪೆನಿಯೇ ಮೋಸ ಮಾಡಿ ಆ ಅಂಕಿಯನ್ನು ಇಳಿಸಿ ತೋರಿಸಿದ್ದರೆ? ಲಕ್ಷಗಟ್ಟಲೆ ಹಣ ಕೊಟ್ಟು ಕಾರು ಕೊಂಡವನು ಆಗ ಏನಾಗುತ್ತಾನೆ, ಮೋಸ ಹೋದವನೋ, ಮಾಲಿನ್ಯ ಮಾಡಿದವನೋ? ಜಗತ್ತಿನಾದ್ಯಂತ ನ್ಯಾಯಾಲಯಗಳು ಸುಮಾರು ಹತ್ತು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆ ಇದು. ಭಾರತದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳ ವಿಷಯದಲ್ಲಿ ಇದು ಎದ್ದಿತು. ಆದರೆ ಇಲ್ಲಿ ಬಂದ ಉತ್ತರವೇ ಬೇರೆ.

ಮೊದಲು ಮೋಸ ನಡೆದ ಬಗೆಯನ್ನು ನೋಡಬೇಕು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ಇ.ಎ. 189 ಎಂಬ ಡೀಸೆಲ್ ಎಂಜಿನನ್ನು ತಯಾರಿಸಿತ್ತು. ಅದನ್ನು ನಿಯಂತ್ರಿಸುವ ಕಂಪ್ಯೂಟರಿನೊಳಗೆ ಒಂದು ಗುಟ್ಟಿನ ಆಜ್ಞಾವಳಿಯನ್ನು ಕೂಡಿಸಿದ್ದರು. ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಸ್ಟಿಯರಿಂಗ್ ಅಲುಗುವುದಿಲ್ಲ, ವೇಗ ಪುಸ್ತಕದಲ್ಲಿ ಬರೆದಂತೆ ಏರಿಳಿಯುತ್ತದೆ. ಇಂಥ ಲಕ್ಷಣಗಳಿಂದ ಇದು ಪರೀಕ್ಷೆ ಎಂದು ಕಂಪ್ಯೂಟರು ತಿಳಿದುಕೊಳ್ಳುತ್ತಿತ್ತು. ಕೂಡಲೇ ಹೊಗೆ ಶುದ್ಧಗೊಳಿಸುವ ವ್ಯವಸ್ಥೆಯನ್ನು ಪೂರ್ತಿಯಾಗಿ ಚಾಲೂ ಮಾಡುತ್ತಿತ್ತು. ಕಾರು ರಸ್ತೆಗಿಳಿದರೆ ಆ ವ್ಯವಸ್ಥೆ ಮಂಕಾಗುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಶಿಸ್ತಿನಿಂದ ಕೂರುವ ಶಾಲಾ ಮಕ್ಕಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹೀಗೆ ಹೊರಬೀಳುತ್ತಿದ್ದದ್ದು ಮುಖ್ಯವಾಗಿ ನೈಟ್ರೋಜನ್ ಆಕ್ಸೈಡುಗಳು. ಇವು ಕಣ್ಣಿಗೆ ಕಾಣುವ ಕಪ್ಪು ಹೊಗೆಯಲ್ಲ. ಆದರೆ ಶ್ವಾಸನಾಳವನ್ನು ಕೆರಳಿಸುತ್ತವೆ, ಉಬ್ಬಸವನ್ನು ಹೆಚ್ಚಿಸುತ್ತವೆ, ಬಿಸಿಲಿನಲ್ಲಿ ಬೇರೆ ಅನಿಲಗಳ ಜತೆ ಸೇರಿ ಓಜೋನನ್ನು ಉಂಟುಮಾಡುತ್ತವೆ. ಇಲ್ಲೊಂದು ವಿಚಿತ್ರವಿದೆ. ನಮ್ಮೂರಿನ ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ಗಾಡಿಯನ್ನು ನಿಲ್ಲಿಸಿ, ನಾಲ್ಕಾರು ಸಲ ಆಕ್ಸಿಲರೇಟರ್ ಒತ್ತಿಸಿ ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಹಾರ್ಟ್‌ರಿಜ್ ಎಂಬ ಮಾನದಲ್ಲಿ ಭಾರತ್ ಸ್ಟೇಜ್-4 ಗಾಡಿಗೆ 50, ಅದಕ್ಕಿಂತ ಹಳೆಯದಕ್ಕೆ 65 ಮಿತಿ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಅಂದರೆ ಇಂಥ ಕಾರಿನ ಯಜಮಾನ ವರ್ಷವರ್ಷವೂ ಪ್ರಾಮಾಣಿಕವಾಗಿ ತಪಾಸಣೆ ಮಾಡಿಸಿ ಚೀಟಿ ಪಡೆದಿದ್ದರೂ ತನ್ನ ಕಾರಿನೊಳಗಿನ ಕಪಟ ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಗುಟ್ಟು ರಟ್ಟಾದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಂಶೋಧಕರ ತಂಡವೊಂದು ಅಳೆಯುವ ಯಂತ್ರವನ್ನೇ ಕಾರಿನ ಹಿಂಬದಿಗೆ ಕಟ್ಟಿಕೊಂಡು 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿತು. ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ಬೆಂಗಳೂರು ಮೂಲದವರು, ಅರವಿಂದ್ ತಿರುವೆಂಗಡಂ ಕೂಡ ಭಾರತೀಯರೇ. ಯಾರನ್ನೋ ಹಿಡಿಯಬೇಕೆಂದು ಹೊರಟವರಲ್ಲ ಇವರು. ಯೂರೋಪಿನ ಡೀಸೆಲ್ ಕಾರುಗಳು ಅಮೆರಿಕದ ಬಿಗಿ ಮಿತಿಯನ್ನು ಹೇಗೆ ಪಾಲಿಸುತ್ತಿವೆ ಎಂದು ತಿಳಿಯುವುದಷ್ಟೇ ಉದ್ದೇಶವಾಗಿತ್ತು. ಆದರೆ ಫೋಕ್ಸ್‌ವ್ಯಾಗನ್ ಜೆಟ್ಟಾ ಮಿತಿಯ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ಹೊರಸೂಸುತ್ತಿದ್ದದ್ದು ಕಂಡುಬಂತು. 2014ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಕಂಪೆನಿಗೆ ನೋಟಿಸು ಕೊಟ್ಟಿತು. ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ತಂತ್ರವಿದೆ ಎಂದು ಕಂಪೆನಿ ಒಪ್ಪಿಕೊಂಡಿತು.

ಭಾರತದಲ್ಲೂ ವಿಚಾರಣೆ ಶುರುವಾಯಿತು. ಪ್ರಯೋಗಾಲಯದ ಅಂಕಿಗೂ ರಸ್ತೆಯ ಅಂಕಿಗೂ ಅಜಗಜಾಂತರವಿದೆ, ರಸ್ತೆಯಲ್ಲಿ ಹೊರಸೂಸುವಿಕೆ ಭಾರತ್ ಸ್ಟೇಜ್-4 ಮಿತಿಗಿಂತ ಐದರಿಂದ ಒಂಬತ್ತು ಪಟ್ಟಿನವರೆಗೆ ಇದೆ ಎಂದು ಎ.ಆರ್.ಎ.ಐ. ಕಂಡುಕೊಂಡಿತು. 2015ರ ಡಿಸೆಂಬರ್ 1ರಂದು ಕಂಪೆನಿ 3,23,700 ಕಾರುಗಳನ್ನು ದುರಸ್ತಿಗಾಗಿ ವಾಪಸ್ ಕರೆಸುವುದಾಗಿ ಪ್ರಕಟಿಸಿತು. ಇದರಲ್ಲಿ 1,98,500 ಫೋಕ್ಸ್‌ವ್ಯಾಗನ್, 88,700 ಸ್ಕೋಡಾ, 36,500 ಆಡಿ ಕಾರುಗಳು. 2008ರಿಂದ 2015ರ ನವೆಂಬರ್‌ವರೆಗೆ ಮಾರಾಟವಾದವು. ಪೋಲೊ, ವೆಂಟೊ, ರ‍್ಯಾಪಿಡ್‌ನಂಥ ಮಧ್ಯಮ ವರ್ಗದ ಮನೆಯ ಕಾರುಗಳೇ ಇದರಲ್ಲಿ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಸ್ತಾನ, ಶಿರೂರು ಟೋಲ್ ದಾಟುವ ಸಾಲಿನಲ್ಲಿ ಇಂಥ ಕಾರು ಇಂದಿಗೂ ಅಪರೂಪವಲ್ಲ.

ವಾಪಸ್ ಕರೆಸುವುದೆಂದರೆ ಕಾರನ್ನು ಹಿಂತೆಗೆದುಕೊಂಡು ಹಣ ಕೊಡುವುದಲ್ಲ. ಕಂಪ್ಯೂಟರಿನ ಆಜ್ಞಾವಳಿಯನ್ನು ಬದಲಿಸಿ ಕಳಿಸುವುದು, ಅಷ್ಟೇ. ಅದೂ ಸ್ವಯಂಪ್ರೇರಣೆಯಿಂದ ಮಾಡುತ್ತಿರುವ ಕೆಲಸವೆಂದು ಕಂಪೆನಿ ಹೇಳಿಕೊಂಡಿತು. ಭಾರತದಲ್ಲಿ ರಸ್ತೆಯ ಮೇಲೆ ಅಳೆಯುವ ನಿಯಮವೇ ಇಲ್ಲ, ಪ್ರಯೋಗಾಲಯದ ಮಿತಿಯನ್ನು ತಾನು ಮೀರಿಲ್ಲ, ಆದ್ದರಿಂದ ಇಲ್ಲಿನ ಕಾನೂನು ಮುರಿದಿಲ್ಲ ಎಂಬುದು ಅದರ ವಾದ. ಮೊದಲ ಮಾತು ನಿಜವೇ ಆಗಿತ್ತು. ರಸ್ತೆಯ ಮೇಲೆ ಅಳೆದು ಮಿತಿಗೆ ಒಳಪಡಿಸುವ ನಿಯಮ ಇಲ್ಲಿ ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ.

ಇದಕ್ಕೆ ಎರಡು ವರ್ಷ ಮುಂಚೆ ಇನ್ನೊಂದು ಪ್ರಕರಣ ನಡೆದಿತ್ತು. ಅದು ಈಗ ಬಹುಮಟ್ಟಿಗೆ ಮರೆತುಹೋಗಿದೆ. ಕೊಲ್ಲೂರು, ಆನೆಗುಡ್ಡೆ ಎಂದು ಯಾತ್ರಿಕರನ್ನು ತುಂಬಿಕೊಂಡು ಓಡುತ್ತಿದ್ದ ಷೆವರ್ಲೆ ತವೇರಾ ಗಾಡಿಯನ್ನು ಕರಾವಳಿಯ ಬಾಡಿಗೆ ಚಾಲಕರು ಚೆನ್ನಾಗಿ ಬಲ್ಲರು. 2013ರ ಜುಲೈಯಲ್ಲಿ ಜನರಲ್ ಮೋಟಾರ್ಸ್ ಕಂಪೆನಿ 2005ರಿಂದ 2013ರವರೆಗೆ ತಯಾರಾದ 1.14 ಲಕ್ಷ ತವೇರಾಗಳನ್ನು ವಾಪಸ್ ಕರೆಸಿತು. ಕಡಿಮೆ ಹೊಗೆ ಬಿಡುವ ಎಂಜಿನುಗಳನ್ನು ಆರಿಸಿ ಪರೀಕ್ಷೆಗೆ ಹೋಗುವ ಗಾಡಿಗಳಿಗೆ ಜೋಡಿಸುತ್ತಿದ್ದರು ಎಂಬುದು ಬಯಲಾಗಿತ್ತು. ಅಲ್ಲಿ ಕಂಪ್ಯೂಟರಿನ ಚಮತ್ಕಾರವೇನೂ ಇಲ್ಲ. ಗೋಣಿಯ ಬಾಯಿಗೆ ಒಳ್ಳೆಯ ಅಕ್ಕಿ ಹಾಕಿ ತೋರಿಸಿದ ಹಾಗೆ. ಸರಕಾರದ ತನಿಖಾ ಸಮಿತಿ ಇದನ್ನು ಕಂಪೆನಿಯೇ ಎಸಗಿದ ವಂಚನೆ ಎಂದು ಕರೆಯಿತು. ಆದರೆ ಆಗಿನ ಮೋಟಾರು ವಾಹನ ಕಾಯಿದೆಯಲ್ಲಿ ಗಾಡಿಯನ್ನು ವಾಪಸ್ ಕರೆಸಿರಿ ಎಂದು ಸರಕಾರ ಆಜ್ಞೆ ಮಾಡಲು ಒಂದು ಕಲಮೂ ಇರಲಿಲ್ಲ. ಯಜಮಾನನಿಗೆ ಪರಿಹಾರದ ಮಾತಂತೂ ದೂರವೇ ಉಳಿಯಿತು. 2017ರ ಕೊನೆಗೆ ಜನರಲ್ ಮೋಟಾರ್ಸ್ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಇನ್ನೊಂದು ವಿಪರ್ಯಾಸ: ಫೋಕ್ಸ್‌ವ್ಯಾಗನ್ ಮೋಸವನ್ನು ಹೊರಗೆಳೆದ ತಂಡದ ಹೇಮಂತ್ ಕಪ್ಪಣ್ಣ ಮುಂದೆ ಅಮೆರಿಕದಲ್ಲಿ ಇದೇ ಜನರಲ್ ಮೋಟಾರ್ಸ್ ಸೇರಿದ್ದರು. 2019ರಲ್ಲಿ ಸಾವಿರಾರು ಮಂದಿಯನ್ನು ಕೈಬಿಟ್ಟಾಗ ಅವರೂ ನೌಕರಿ ಕಳೆದುಕೊಂಡು ಭಾರತಕ್ಕೆ ಮರಳಿದರು.

ದಂಡ ಯಾರ ಬೊಕ್ಕಸಕ್ಕೆ?

ಫೋಕ್ಸ್‌ವ್ಯಾಗನ್ ವಿಷಯ ದೆಹಲಿಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಹತ್ತಿತು. 2018ರ ನವೆಂಬರ್ 16ರಂದು ನ್ಯಾಯಮಂಡಳಿ ಮಧ್ಯಂತರವಾಗಿ 100 ಕೋಟಿ ರೂ. ಠೇವಣಿ ಇಡುವಂತೆ ಆಜ್ಞಾಪಿಸಿತು. ಹಾನಿಯ ಲೆಕ್ಕ ಹಾಕಲು ತಜ್ಞರ ಸಮಿತಿ ನೇಮಕವಾಯಿತು. ಈ ಕಾರುಗಳು 2016ರಲ್ಲಿ ಸುಮಾರು 48.678 ಟನ್ ನೈಟ್ರೋಜನ್ ಆಕ್ಸೈಡನ್ನು ಹೊರಬಿಟ್ಟಿವೆ ಎಂದು ಅಂದಾಜು ಮಾಡಿ, ದೆಹಲಿಯನ್ನು ಮಾದರಿಯಾಗಿ ಇಟ್ಟುಕೊಂಡು, ಜನರ ಆರೋಗ್ಯಕ್ಕಾದ ನಷ್ಟ 171.34 ಕೋಟಿ ರೂ. ಎಂದು ಸಮಿತಿ ಹೇಳಿತು. ಇದು ಸಾಲದು, ಇತರರಿಗೂ ಪಾಠವಾಗಬೇಕು ಎಂದು ನ್ಯಾಯಮಂಡಳಿ 2019ರ ಮಾರ್ಚ್ 7ರಂದು 500 ಕೋಟಿ ರೂ. ದಂಡ ವಿಧಿಸಿತು. ಕಂಪೆನಿ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 6ರಂದು, ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ತಡೆ ನೀಡಿತು.

ಐನೂರು ಕೋಟಿ ಎಂದು ಪತ್ರಿಕೆಯಲ್ಲಿ ಓದಿದ ಎಷ್ಟೋ ಕಾರು ಮಾಲೀಕರಿಗೆ ತಮಗೂ ಒಂದಿಷ್ಟು ಬಂದೀತೆಂಬ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಆಜ್ಞೆಯ ಪ್ರಕಾರ ಹಣ ಸೇರಬೇಕಾದದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಬಳಕೆಯಾಗಬೇಕಾದದ್ದು ದೆಹಲಿ ಮತ್ತು ಅತಿ ಮಲಿನವಾದ ಇತರ ಪ್ರದೇಶಗಳ ಗಾಳಿಯನ್ನು ಸುಧಾರಿಸಲು. ಕಾರಿನ ಯಜಮಾನನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ನ್ಯಾಯಮಂಡಳಿಯನ್ನು ಇದಕ್ಕಾಗಿ ದೂರುವಂತಿಲ್ಲ. ಗಾಳಿಗಾದ ಹಾನಿಯನ್ನು ನೋಡುವುದೇ ಅದರ ಕೆಲಸ. ಗಾಳಿ ಎಲ್ಲರದು, ಹಾಗಾಗಿ ದಂಡವೂ ಸರಕಾರಿ ಖಾತೆಗೆ.

ಈ ತರ್ಕ ನಮ್ಮ ನಾಡಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಮತ್ತು ಅಳತೆಗಳನ್ನು ನೋಡಿಕೊಳ್ಳಲು ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಸುಳ್ಳು ತೂಕ ಇಟ್ಟುಕೊಂಡ ವ್ಯಾಪಾರಿಗೆ ದಂಡವಿದೆ. ಆ ದಂಡ ಅರಮನೆಗೆ. ಕಡಿಮೆ ಅಕ್ಕಿ ತೆಗೆದುಕೊಂಡು ಮನೆಗೆ ಹೋದವನ ಚೀಲ ತುಂಬಿಸಿಕೊಡುವುದು ಬೇರೆಯೇ ಮಾತು. ಕುಂದಾಪುರದ ಪಕ್ಕದ ಬಸ್ರೂರು ಶತಮಾನಗಳ ಕಾಲ ಅಕ್ಕಿ ರಫ್ತಿಗೆ ಹೆಸರಾಗಿದ್ದ ಬಂದರು. ಮುಡಿ, ಕಳಸಿಗೆ, ಸೇರು, ಪಾವುಗಳ ಲೆಕ್ಕದಲ್ಲಿ ಬದುಕಿದ ಊರುಗಳಿವು. ಆದರೆ ಅಕ್ಕಿ ಕೊಂಡವನು ಮನೆಯಲ್ಲಿ ತನ್ನದೇ ಸೇರಿನಿಂದ ಇನ್ನೊಮ್ಮೆ ಅಳೆದು ನೋಡಬಹುದಿತ್ತು. ಕಾರು ಕೊಂಡವನಿಗೆ ಆ ಸೇರು ಇಲ್ಲ.

ಕೊಂಡವನ ಚೀಲವನ್ನೂ ತುಂಬಿಸಬೇಕು ಎಂಬ ವಿಚಾರಕ್ಕೆ ಭಾರತದಲ್ಲಿ ಕಾನೂನಿನ ರೂಪ ಬಂದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. ಆ ಕಾಯಿದೆ ಬರುವ ಮುಂಚೆಯೇ ಅದೇ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನುಭಾಗ್ ಮತ್ತು ಸಂಗಡಿಗರು ಬಳಕೆದಾರರ ವೇದಿಕೆಯನ್ನು ಕಟ್ಟಿ ಮೋಸ ಹೋದವರ ಪರವಾಗಿ ಕಾಗದ ಬರೆಯಲು ತೊಡಗಿದ್ದರು ಎಂಬುದನ್ನು ಈ ಭಾಗದ ಹಿರಿಯರು ಮರೆತಿರಲಾರರು.

ಹೊರದೇಶಗಳಲ್ಲಿ ಯಜಮಾನರಿಗೆ ಸಿಕ್ಕಿದ್ದೇನು ಎಂದು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಎಲ್ಲ ಮಾಲೀಕರ ಮೊಕದ್ದಮೆಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಮುಂದೆ ಒಟ್ಟುಗೂಡಿಸಿದರು. 2016ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ರಾಜಿಯಂತೆ ಕಂಪೆನಿ ಕಾರನ್ನು ಮರಳಿ ಕೊಳ್ಳಬೇಕು, ಅದೂ ಹಗರಣ ಬಯಲಾಗುವ ಮುಂಚಿನ ಬೆಲೆಗೆ, ಬೇಡವೆಂದವರಿಗೆ ದುರಸ್ತಿ. ಎರಡರ ಜತೆಗೂ 5,100ರಿಂದ ಸುಮಾರು 10,000 ಡಾಲರ್ ನಗದು. ಮಾಲೀಕರಿಗೆಂದೇ ಮೀಸಲಿಟ್ಟ ಮೊತ್ತ 1,000 ಕೋಟಿ ಡಾಲರ್ ದಾಟಿತ್ತು.

ಜರ್ಮನಿಯಲ್ಲಿ ದಾರಿ ಸುಗಮವಾಗಿರಲಿಲ್ಲ. 2020ರ ಫೆಬ್ರವರಿಯಲ್ಲಿ ಗ್ರಾಹಕರ ಸಂಘಗಳ ಒಕ್ಕೂಟದ ಜತೆ 83 ಕೋಟಿ ಯೂರೋ ಮೊತ್ತದ ರಾಜಿಯಾಯಿತು. ಒಬ್ಬೊಬ್ಬರಿಗೆ 1,350ರಿಂದ 6,257 ಯೂರೋ. ರಾಜಿಗೆ ಒಪ್ಪದೆ ಹೋರಾಡಿದವರ ಪೈಕಿ ಒಬ್ಬನ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮೇ 25ರಂದು ತೀರ್ಪಿತ್ತಿತು. ಆತ 2014ರಲ್ಲಿ 31,490 ಯೂರೋ ಕೊಟ್ಟು ಒಂದು ಷರಾನ್ ಕಾರು ಕೊಂಡಿದ್ದ, ಹೊಸದಲ್ಲ, ಬಳಸಿದ್ದು. ಕಾರು ಹಿಂತಿರುಗಿಸಿ 25,616 ಯೂರೋ ಪಡೆಯಬಹುದು ಎಂದಾಯಿತು. ಓಡಿಸಿದ ಕಿಲೋಮೀಟರುಗಳ ಬಾಬ್ತು ಉಳಿದದ್ದು ಕಡಿತ. ಎರಡು ತಿಂಗಳ ನಂತರ ಇದೇ ತರ್ಕದ ಇನ್ನೊಂದು ಮುಖ ಹೊರಬಂತು. ಕೊಟ್ಟ ಬೆಲೆಯಷ್ಟೂ ಉಪಯೋಗವನ್ನು ಓಡಿಸಿಯೇ ಪಡೆದುಕೊಂಡವನಿಗೆ ಏನೂ ಬಾಕಿಯಿಲ್ಲ ಎಂದಿತು ಅದೇ ನ್ಯಾಯಾಲಯ. ದಿನಕ್ಕೆ ಮುನ್ನೂರು ಕಿಲೋಮೀಟರು ಓಡಿಸುವ ಟ್ಯಾಕ್ಸಿಯವನಿಗೆ ಈ ಲೆಕ್ಕ ಹಿಡಿಸುವುದು ಕಷ್ಟ. ಇಂಗ್ಲೆಂಡಿನಲ್ಲಿ 2022ರ ಮೇ ತಿಂಗಳಲ್ಲಿ 91,000 ಮಾಲೀಕರಿಗೆ 19.3 ಕೋಟಿ ಪೌಂಡು ಕೊಡುವ ರಾಜಿಯಾಯಿತು.

ನಷ್ಟ ತೋರಿಸುವುದು ಹೇಗೆ?

ಹಾಗಾದರೆ ಇಲ್ಲಿನ ಮಾಲೀಕನಿಗೆ ಬಾಗಿಲು ಮುಚ್ಚಿತ್ತೆ? ಪೂರ್ತಿ ಮುಚ್ಚಿರಲಿಲ್ಲ, ಆದರೆ ಬಹಳ ಕಿರಿದಾಗಿತ್ತು. ಹಗರಣ ಹೊರಬಿದ್ದಾಗ ಜಾರಿಯಲ್ಲಿದ್ದುದು 1986ರ ಕಾಯಿದೆ. ಅದರ ಪ್ರಕಾರ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ವೇದಿಕೆಗೆ ಹೋಗಬೇಕು. ಹೋಗಬೇಕಾದ ಜಾಗವೂ ಎದುರುದಾರ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ. ಬೈಂದೂರಿನವರು ಮಂಗಳೂರಿನ ಷೋರೂಮಿನಲ್ಲಿ ಕಾರು ಕೊಂಡಿದ್ದರೆ ಪ್ರತಿ ತಾರೀಖಿಗೂ ಮಂಗಳೂರಿಗೇ ಹೋಗಿ ಬರಬೇಕಿತ್ತು. ಒಂದು ದಿನದ ಕೆಲಸ ಹೋಯಿತೆಂದೇ ಲೆಕ್ಕ.

ಅದಕ್ಕಿಂತ ದೊಡ್ಡ ತೊಡಕು ನಷ್ಟವನ್ನು ರೂಪಾಯಿಯಲ್ಲಿ ತೋರಿಸುವುದು. ಕಾರು ಚೆನ್ನಾಗಿಯೇ ಓಡುತ್ತಿದೆ, ಮೈಲೇಜು ಕೊಡುತ್ತಿದೆ, ಪಿಕಪ್ಪಿಗೂ ಕೊರತೆಯಿಲ್ಲ. ಕೆಟ್ಟದ್ದು ಊರಿನ ಗಾಳಿ, ತನ್ನ ಜೇಬಲ್ಲ. ಮೈಲೇಜಿನ ಸುಳ್ಳು ಹಾಗಲ್ಲ. 2004ರಲ್ಲಿ ಮಾರುತಿ ಜೆನ್ ಕೊಂಡ ಗ್ರಾಹಕರೊಬ್ಬರು ಜಾಹೀರಾತಿನಲ್ಲಿ ಲೀಟರಿಗೆ 16ರಿಂದ 18 ಕಿ.ಮೀ. ಎಂದಿದ್ದರೂ ಸಿಗುತ್ತಿರುವುದು 10.2 ಎಂದು ದೂರಿತ್ತರು. 1 ಲಕ್ಷ ರೂ. ಪರಿಹಾರ ಕೊಡಬೇಕೆಂಬ ಆಜ್ಞೆಯನ್ನು ರಾಷ್ಟ್ರೀಯ ಗ್ರಾಹಕರ ಆಯೋಗ 2024ರ ಜನವರಿಯಲ್ಲಿ ಎತ್ತಿಹಿಡಿಯಿತು. ಇಪ್ಪತ್ತು ವರ್ಷ ಹಿಡಿಯಿತು, ಆದರೂ ಗೆಲ್ಲಲು ಸಾಧ್ಯವಾಯಿತು. ಕಾರಣ ಸ್ಪಷ್ಟ: ಆ ಅಂಕಿಯನ್ನು ಗ್ರಾಹಕ ಪೆಟ್ರೋಲ್ ಬಂಕಿನ ಬಿಲ್ಲಿನಿಂದಲೇ ಪರೀಕ್ಷಿಸಬಲ್ಲ. ಹೊಗೆಯ ಅಂಕಿಯ ವಿಷಯದಲ್ಲಿ ಅವನು ವಾದಿಸಬಹುದಾದದ್ದು ಬೇರೆ: ಸುಳ್ಳು ಹೇಳಿ ಮಾರಿದ್ದು ಅನುಚಿತ ವ್ಯಾಪಾರ ಪದ್ಧತಿ, ಸುದ್ದಿ ತಿಳಿದ ಮೇಲೆ ಮರುಮಾರಾಟದ ಬೆಲೆ ಇಳಿಯಿತು, ದುರಸ್ತಿಯ ಬಳಿಕ ಎಂಜಿನಿನ ಗುಣ ಬದಲಾಯಿತು ಎಂದು. ಪ್ರತಿಯೊಂದಕ್ಕೂ ಸಾಕ್ಷ್ಯ ಬೇಕು.

ಕ್ರಿಮಿನಲ್ ದಾರಿಯನ್ನು ಹಿಡಿದವರೂ ಇದ್ದಾರೆ. ಏಳು ಆಡಿ ಕಾರು ಕೊಂಡಿದ್ದ ಗ್ರಾಹಕರೊಬ್ಬರು 2020ರ ಜುಲೈಯಲ್ಲಿ ಉತ್ತರ ಪ್ರದೇಶದಲ್ಲಿ ವಂಚನೆಯ ದೂರು ದಾಖಲಿಸಿದರು. ಅದನ್ನು ರದ್ದುಪಡಿಸಬೇಕೆಂಬ ಕಂಪೆನಿಯ ಅರ್ಜಿಯನ್ನು ಸುಪ್ರೀಂ ಕೋರ್ಟ್ 2020ರ ನವೆಂಬರ್ 26ರಂದು ತಳ್ಳಿಹಾಕಿತು. ಹಸಿರು ನ್ಯಾಯಮಂಡಳಿಯ ಪ್ರಕರಣ ಬಾಕಿ ಇದೆಯೆಂಬ ಕಾರಣಕ್ಕೆ ಪೊಲೀಸ್ ತನಿಖೆ ನಿಲ್ಲಬೇಕಿಲ್ಲ ಎಂದಿತು. ಗಾಳಿಗಾದ ಹಾನಿ ಒಂದು, ಗ್ರಾಹಕನಿಗಾದ ಮೋಸ ಇನ್ನೊಂದು ಎಂಬುದನ್ನು ಗುರುತಿಸಿದ ಮಟ್ಟಿಗೆ ಆ ಆಜ್ಞೆ ಮಹತ್ವದ್ದು.

ಈಚಿನ ವರ್ಷಗಳಲ್ಲಿ ಕಾನೂನು ಎರಡು ಕಡೆ ಬದಲಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಗೆ 110-ಎ ಎಂಬ ಹೊಸ ಕಲಮು ಸೇರಿತು. ಪರಿಸರಕ್ಕಾಗಲಿ, ಓಡಿಸುವವರಿಗಾಗಲಿ ಹಾನಿ ಮಾಡುವ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವಂತೆ ಈಗ ಸರಕಾರ ಆಜ್ಞಾಪಿಸಬಹುದು. ತಯಾರಕ ಗಾಡಿಯ ಪೂರ್ತಿ ಬೆಲೆ ಮರಳಿಸಬೇಕು, ಇಲ್ಲವೇ ಅದೇ ಮಟ್ಟದ ಅಥವಾ ಉತ್ತಮ ಗಾಡಿ ಕೊಡಬೇಕು, ಇಲ್ಲವೇ ದುರಸ್ತಿ ಮಾಡಿಕೊಡಬೇಕು. ಪರಿಸರದ ದೋಷಕ್ಕೂ ಯಜಮಾನನಿಗೆ ಬೆಲೆ ಸಿಗಬಹುದೆಂದು ಭಾರತದ ವಾಹನ ಕಾನೂನಿನಲ್ಲಿ ಬರೆದದ್ದು ಇದೇ ಮೊದಲು. ಆದರೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಗಾಡಿಗಳಿಗೆ ಮಾತ್ರ ಇದು ಅನ್ವಯ. 2008ರಿಂದ 2015ರವರೆಗಿನ ಆ ಕಾರುಗಳೆಲ್ಲ ಈ ಗಡಿಯನ್ನು ಎಂದೋ ದಾಟಿವೆ. ಮೊದಲ ಕಂತಿನವು ಹದಿನೈದು ವರ್ಷ ತುಂಬಿಸಿ ಮರುನೋಂದಣಿಯ ಸರದಿಗೂ ಬಂದಾಗಿದೆ.

ಇನ್ನೊಂದು 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ. ಅದರಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೂರೂ ತಾಲೂಕಿನವರಿಗೆ ಉಡುಪಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವೇ ಸಾಕು. ಕೊಟ್ಟ ಬೆಲೆ 50 ಲಕ್ಷ ರೂ. ಒಳಗಿದ್ದರೆ ಅಲ್ಲೇ ವಿಚಾರಣೆ. 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಒಂದೇ ಬಗೆಯ ಮೋಸಕ್ಕೆ ಸಿಕ್ಕಿದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಸಲ್ಲಿಸಬಹುದು. ಎರಡು ವರ್ಷದ ಗಡುವು ಮಾತ್ರ ಹಾಗೆಯೇ ಉಳಿದಿದೆ. ತಡವಾಗಿದ್ದರೆ ಸಕಾರಣ ತೋರಿಸಿ ಮನ್ನಿಸಲು ಕೇಳಿಕೊಳ್ಳಬೇಕು.

ಬಾಡಿಗೆ ಗಾಡಿಯವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಕಾಯಿದೆ ಅನ್ವಯಿಸದು ಎಂಬುದನ್ನು ಕೇಳಿ, ಹಳದಿ ಬೋರ್ಡಿನವರಿಗೆ ಇದೆಲ್ಲ ಇಲ್ಲ ಎಂದುಕೊಂಡವರು ಅನೇಕರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ವ್ಯಾಪಾರವಲ್ಲ ಎಂದು ಕಾಯಿದೆಯೇ ಹೇಳುತ್ತದೆ. 1995ರ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೊಟ್ಟ ಉದಾಹರಣೆ ಆಟೋರಿಕ್ಷಾದ್ದು, ಲಾರಿಯದು: ತಾನೇ ಓಡಿಸಿ ಜೀವನ ಮಾಡಲು ಕೊಂಡವನು ಗ್ರಾಹಕನೇ. ಹತ್ತಾರು ಗಾಡಿ ಇಟ್ಟು ಸಂಬಳಕ್ಕೆ ಚಾಲಕರನ್ನು ನೇಮಿಸಿದ ಟ್ರಾವೆಲ್ಸ್ ಮಾಲೀಕನಿಗೆ ಈ ಮಾತು ಹೊಂದುವುದಿಲ್ಲ. ಯಾತ್ರಿಕರನ್ನು ಕೊಲ್ಲೂರಿಗೆ ಕರೆದೊಯ್ಯುವ ಒಂಟಿ ಕಾರಿನ ಯಜಮಾನ-ಚಾಲಕನಿಗೆ ಹೊಂದುತ್ತದೆ. ಅಂಥವರು ಹೊಸ ಗಾಡಿ ಕೊಂಡಾಗ ಬಿಲ್ಲಿನ ಜತೆ ಕಂಪೆನಿಯ ಜಾಹೀರಾತು ಹಾಳೆ, ವಾಪಸ್ ಕರೆಸಿದ ಪತ್ರ, ಸರ್ವಿಸ್ ಸೆಂಟರಿನಲ್ಲಿ ಬದಲಿಸಿದ್ದರ ಜಾಬ್ ಕಾರ್ಡ್ ಇವನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಜರ್ಮನಿಯ ಷರಾನ್ ಮಾಲೀಕನಿಗೆ ಕಾರು ಕೊಂಡ ತಾರೀಖು, ಕೊಟ್ಟ ಬೆಲೆ, ಓಡಿದ ಕಿಲೋಮೀಟರು, ಈ ಮೂರು ಅಂಕಿಗಳ ಮೇಲೆಯೇ ಹಣ ಸಿಕ್ಕಿದ್ದು.